ಶ್ರೀನಗರದಿಂದ ಲೇಹ್‌ಗೆ ಎಷ್ಟು ದೂರ, ಎಷ್ಟು ಹೊತ್ತು: ಕೊಡಗಿನಿಂದ ಹೊರಡುವವರಿಗೆ ಲೆಕ್ಕದ ಕೈಪಿಡಿ

ಶ್ರೀನಗರ ವಿಮಾನ ನಿಲ್ದಾಣದಿಂದ ಲೇಹ್ ವಿಮಾನ ನಿಲ್ದಾಣಕ್ಕೆ ನೇರ ದೂರ 256 ಕಿ.ಮೀ. ಹೆಚ್ಚುಕಡಿಮೆ ಮಡಿಕೇರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಷ್ಟು. ಜೆಟ್ ವಿಮಾನಕ್ಕೆ ಇದು ಮುಕ್ಕಾಲು ಗಂಟೆಯಿಂದ 55 ನಿಮಿಷದ ಹಾದಿ. ಅದೇ ಎರಡು ಊರುಗಳ ನಡುವೆ ರಸ್ತೆ ಹಿಡಿದರೆ ಸುಮಾರು 420 ಕಿ.ಮೀ., ಕಾರ್ಗಿಲ್‌ನಲ್ಲಿ ಒಂದು ರಾತ್ರಿ ತಂಗಿ ಎರಡು ದಿನ. ನೇರ ವಿಮಾನ ಇಲ್ಲದ ದಿನ ದೆಹಲಿ ಸುತ್ತಿಕೊಂಡು ಹೋಗಬೇಕಾದರೆ ಆಕಾಶದಲ್ಲೇ 1,261 ಕಿ.ಮೀ. ಊರು ಎರಡೇ, ದೂರ ಮೂರು. ಯಾವ ಅಂಕಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಮೊದಲೇ ತಿಳಿದುಕೊಂಡರೆ ಟಿಕೆಟ್ ಮಾಡಿಸುವಾಗ ಎಡವಟ್ಟಾಗುವುದಿಲ್ಲ.

ಕೊಡಗಿನ ಮನೆಗಳಿಗೆ ಈ ಊರುಗಳ ಹೆಸರು ಹೊಸದಲ್ಲ. ರಜೆ ಮುಗಿಸಿ ಯೂನಿಟ್‌ಗೆ ಹೊರಡುವ ಮಗ, ಅವನಿದ್ದಲ್ಲಿಗೆ ಒಮ್ಮೆ ಹೋಗಿಬರೋಣ ಎನ್ನುವ ಅಪ್ಪ ಅಮ್ಮ, ಕಾಫಿ ಕೊಯ್ಲು ಮುಗಿಸಿ ಲಡಾಖ್ ನೋಡಬೇಕೆನ್ನುವ ಹುಡುಗರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ದೂರ, ಎಷ್ಟು ಹೊತ್ತು? ಉತ್ತರವನ್ನು ಯಾರನ್ನೂ ಕೇಳದೆ ನಾವೇ ಲೆಕ್ಕ ಹಾಕಿಕೊಳ್ಳಬಹುದು.

ನೇರ ದೂರವನ್ನು ಕೈಯಲ್ಲೇ ಲೆಕ್ಕ ಹಾಕುವುದು

ಬೇಕಾದದ್ದು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಮತ್ತು ಮೊಬೈಲಿನ ಕ್ಯಾಲ್ಕ್ಯುಲೇಟರ್. ಊರಿನದ್ದಲ್ಲ, ವಿಮಾನ ನಿಲ್ದಾಣದ ಅಕ್ಷಾಂಶವನ್ನೇ ತೆಗೆದುಕೊಳ್ಳಿ. ಮೊಬೈಲಿನ ನಕ್ಷೆಯಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಅಂಕಿಗಳು ಸಿಗುತ್ತವೆ.

ಶ್ರೀನಗರ: ಉತ್ತರ 33.99, ಪೂರ್ವ 74.77.
ಲೇಹ್: ಉತ್ತರ 34.14, ಪೂರ್ವ 77.55.

ಮೊದಲು ಉತ್ತರ-ದಕ್ಷಿಣದ ಅಂತರ. 34.14ರಲ್ಲಿ 33.99 ಕಳೆದರೆ 0.15 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿ ಎಲ್ಲಿ ಹೋದರೂ ಸುಮಾರು 111 ಕಿ.ಮೀ. ಹಾಗಾಗಿ 0.15ನ್ನು 111ರಿಂದ ಗುಣಿಸಿದರೆ 17 ಕಿ.ಮೀ. ಎರಡೂ ಊರು ಬಹುತೇಕ ಒಂದೇ ಅಡ್ಡಗೆರೆಯ ಮೇಲಿವೆ ಎಂದು ಇಲ್ಲಿಗೇ ಗೊತ್ತಾಗುತ್ತದೆ.

ಇನ್ನು ಪೂರ್ವ-ಪಶ್ಚಿಮದ ಅಂತರ: 77.55ರಲ್ಲಿ 74.77 ಕಳೆದರೆ 2.78 ಡಿಗ್ರಿ. ಹೆಚ್ಚಿನವರು ತಪ್ಪುವುದು ಇಲ್ಲೇ. ರೇಖಾಂಶದ ಒಂದು ಡಿಗ್ರಿ ಎಲ್ಲ ಕಡೆ ಒಂದೇ ಉದ್ದ ಇರುವುದಿಲ್ಲ. ಧ್ರುವದ ಕಡೆಗೆ ಹೋದ ಹಾಗೆ ರೇಖೆಗಳು ಒತ್ತೊತ್ತಾಗುತ್ತವೆ, ಕಿತ್ತಳೆ ಹಣ್ಣಿನ ತೊಳೆಗಳು ತೊಟ್ಟಿನ ಹತ್ತಿರ ಸಣ್ಣಗಾದಂತೆ. ಮಡಿಕೇರಿಯಲ್ಲಿ ಒಂದು ಡಿಗ್ರಿ ಎಂದರೆ 108 ಕಿ.ಮೀ.; ಲೇಹ್‌ನಲ್ಲಿ 92; ನಾರ್ವೆಯ ತುತ್ತತುದಿಯ ಲಾಂಗ್‌ಇಯರ್‌ಬೈನ್‌ನಲ್ಲಿ ಬರೀ 23. ಆದ್ದರಿಂದ ಎರಡು ಊರುಗಳ ಅಕ್ಷಾಂಶಗಳ ಸರಾಸರಿ ತೆಗೆದು, ಅದರ ಕೊಸೈನ್‌ನಿಂದ ಗುಣಿಸಬೇಕು. ಇಲ್ಲಿ ಸರಾಸರಿ 34.07, ಅದರ ಕೊಸೈನ್ 0.828. 2.78 × 0.828 × 111 = 255.5 ಕಿ.ಮೀ.

ಕೊನೆಗೆ ಶಾಲೆಯಲ್ಲಿ ಕಲಿತ ಪೈಥಾಗೊರಸ್. 17ರ ವರ್ಗಕ್ಕೆ 255.5ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 256 ಕಿ.ಮೀ.

ಮೂರು ಕಡೆ ಲೆಕ್ಕ ಕೆಡುತ್ತದೆ. ಒಂದು, ಕ್ಯಾಲ್ಕ್ಯುಲೇಟರ್ ಡಿಗ್ರಿಯಲ್ಲಿರದೆ ರೇಡಿಯನ್‌ನಲ್ಲಿದ್ದರೆ 34.07ರ ಕೊಸೈನ್ ಮೈನಸ್ 0.884 ಎಂದು ಬರುತ್ತದೆ. ವರ್ಗ ಮಾಡುವಾಗ ಆ ಮೈನಸ್ ಮಾಯವಾಗಿ ಉತ್ತರ 273 ಕಿ.ಮೀ. ಆಗುತ್ತದೆ. ನೋಡಲು ಸರಿಯಾಗಿಯೇ ಕಾಣುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಸೈನ್ ಒತ್ತಿದ ಕೂಡಲೇ ಮೈನಸ್ ಕಂಡರೆ ನಿಲ್ಲಿಸಿ, ಡಿಗ್ರಿಗೆ ಬದಲಾಯಿಸಿ. ಎರಡು, 34 ಡಿಗ್ರಿ 30 ನಿಮಿಷವನ್ನು 34.30 ಎಂದು ಬರೆಯುವುದು. ಡಿಗ್ರಿಗೆ 60 ನಿಮಿಷ, ಆದ್ದರಿಂದ ಅದು 34.50, ಈ ಒಂದು ತಪ್ಪಿಗೆ 22 ಕಿ.ಮೀ. ವ್ಯತ್ಯಾಸ. ಮೂರು, ಮೈಲಿ. ವಿಮಾನದವರು ಹೇಳುವ ಮೈಲಿ ನಾಟಿಕಲ್ ಮೈಲಿ, 1.852 ಕಿ.ಮೀ.; ನಮ್ಮ ಹಳೆಯ ಮೈಲಿಗಲ್ಲಿನದ್ದು 1.609. ಶ್ರೀನಗರ-ಲೇಹ್ 138 ನಾಟಿಕಲ್ ಮೈಲಿ. ಅದನ್ನು ಹಳೆಯ ಮೈಲಿ ಎಂದುಕೊಂಡರೆ 222 ಕಿ.ಮೀ. ಎಂದು ತಪ್ಪು ಬರುತ್ತದೆ.

ಈ ವಿಧಾನವನ್ನು ಇನ್ನೂ ಉತ್ತರದ ಊರುಗಳ ಮೇಲೂ ಪರೀಕ್ಷಿಸಿ ನೋಡಬಹುದು. ನಾರ್ವೆಯ ಟ್ರೋಮ್ಸೊ (ಉತ್ತರ 69.68, ಪೂರ್ವ 18.92) ಮತ್ತು ಲಾಂಗ್‌ಇಯರ್‌ಬೈನ್ (ಉತ್ತರ 78.25, ಪೂರ್ವ 15.47): ಉತ್ತರಕ್ಕೆ 951, ಅಡ್ಡಕ್ಕೆ 106, ಒಟ್ಟು 957 ಕಿ.ಮೀ. ಸರಿಯಾದ ಉತ್ತರವೇ. ಆದರೆ ರೇಖಾಂಶದ ಅಂತರ ದೊಡ್ಡದಾಗಿ, ಊರುಗಳು ಧ್ರುವಕ್ಕೆ ಹತ್ತಿರವಾದರೆ ಈ ಸುಲಭ ಲೆಕ್ಕ ಕೈಕೊಡುತ್ತದೆ. 70 ಡಿಗ್ರಿ ಉತ್ತರದಲ್ಲಿ, ಭೂಮಿಯ ಎದುರುಬದುರು ಬದಿಗಳಲ್ಲಿ ಎರಡು ಊರುಗಳಿವೆ ಎಂದುಕೊಳ್ಳಿ. ಅಡ್ಡಗೆರೆ ಹಿಡಿದು ಸುತ್ತಿದರೆ 6,833 ಕಿ.ಮೀ., ಧ್ರುವದ ಮೇಲೆ ಹಾದು ಹೋದರೆ 4,440. ಅಂಥ ಜೋಡಿಗಳಿಗೆ ಗ್ಲೋಬಿನ ಮೇಲೆ ದಾರ ಎಳೆದು ಬಿಗಿ ಮಾಡಿ ನೋಡುವುದೇ ಒಳ್ಳೆಯದು. ದಾರ ತಾನಾಗಿಯೇ ಹತ್ತಿರದ ದಾರಿಗೆ ಜಾರುತ್ತದೆ. ಗೋಡೆಯ ನಕ್ಷೆಯ ಮೇಲೆ ಸ್ಕೇಲು ಇಟ್ಟು ಅಳೆಯಲೇಬೇಡಿ. ಉತ್ತರದ ಭಾಗಗಳನ್ನು ಅದು ಹಿಗ್ಗಿಸಿ ತೋರಿಸುತ್ತದೆ.

ದೂರದಿಂದ ಹಾರಾಟದ ಸಮಯಕ್ಕೆ

ಇದಕ್ಕೆ ನೆನಪಿಡಬೇಕಾದದ್ದು ಇಷ್ಟೇ: ದೂರವನ್ನು ವೇಗದಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ದೆಹಲಿ, ಬೆಂಗಳೂರಿನಂಥ ದೊಡ್ಡ ನಿಲ್ದಾಣ ಒಂದು ತುದಿಯಲ್ಲಿದ್ದರೆ ಅರ್ಧ ಗಂಟೆಯ ಬದಲು ಮುಕ್ಕಾಲು ಗಂಟೆ. ಜೆಟ್ ವಿಮಾನದ ವೇಗ ಗಂಟೆಗೆ 830 ಕಿ.ಮೀ. ಎಂದು ಹಿಡಿಯಿರಿ. ಮೈಸೂರಿಗೆ ಬರುವಂಥ, ಪಂಕ ತಿರುಗುವ ಸಣ್ಣ ಎಟಿಆರ್ ವಿಮಾನವಾದರೆ 500.

ಶ್ರೀನಗರ-ಲೇಹ್: 256 ಭಾಗಿಸು 830, ಅಂದರೆ 19 ನಿಮಿಷ, ಜೊತೆಗೆ 30. ಒಟ್ಟು 49 ನಿಮಿಷ.
ದೆಹಲಿ-ಲೇಹ್: 620 ಕಿ.ಮೀ., 45 ನಿಮಿಷ, ಜೊತೆಗೆ 45. ಒಂದೂವರೆ ಗಂಟೆ.
ಬೆಂಗಳೂರು-ದೆಹಲಿ: 1,705 ಕಿ.ಮೀ., 2 ಗಂಟೆ 3 ನಿಮಿಷ, ಜೊತೆಗೆ 45. 2 ಗಂಟೆ 48 ನಿಮಿಷ.
ಟ್ರೋಮ್ಸೊ-ಲಾಂಗ್‌ಇಯರ್‌ಬೈನ್: 69 ನಿಮಿಷ, ಜೊತೆಗೆ 30. ಒಂದು ಗಂಟೆ 40 ನಿಮಿಷ.

ಟಿಕೆಟಿನ ಮೇಲಿನ ಸಮಯಕ್ಕೆ ಇವು ಹತ್ತಿರ ಹತ್ತಿರ ಹೊಂದುತ್ತವೆ. ಆ ಅರ್ಧ ಗಂಟೆ ಏಕೆ ಎಂದರೆ, ಟಿಕೆಟಿನಲ್ಲಿರುವುದು ವಿಮಾನ ತಾನು ನಿಂತ ಜಾಗ ಬಿಟ್ಟಾಗಿನಿಂದ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗಿನ ಸಮಯ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಮೇಲೇರುವಾಗ ಇಳಿಯುವಾಗ ನಿಧಾನವಾಗುವುದು, ಗುಡ್ಡ ತಪ್ಪಿಸಿ ಸುತ್ತುವುದು ಎಲ್ಲ ಅದರೊಳಗೆ ಸೇರಿದೆ. ದೂರ ಕಡಿಮೆಯಾದಷ್ಟೂ ಈ ಅರ್ಧ ಗಂಟೆಯದೇ ಮೇಲುಗೈ. ಶ್ರೀನಗರ-ಲೇಹ್ ಹಾರಾಟದಲ್ಲಿ ಪೂರ್ತಿ ವೇಗದ ಲೆಕ್ಕಕ್ಕೆ ಸಿಗುವುದು 19 ನಿಮಿಷ ಮಾತ್ರ.

ಗಾಳಿಯ ಪರಿಣಾಮ ಇಷ್ಟು ಹತ್ತಿರದ ದಾರಿಗೆ ಅಲ್ಪ. ಹಿಮಾಲಯದ ಮೇಲೆ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಜೋರಾಗಿ. ಬೆನ್ನಿಗೆ 100 ಕಿ.ಮೀ. ವೇಗದ ಗಾಳಿ ಸಿಕ್ಕರೂ ಲೇಹ್‌ಗೆ ಹೋಗುವಾಗ ಉಳಿಯುವುದು ಎರಡು ನಿಮಿಷ. ಬೇರೆ ದೇಶದ ಊರುಗಳಾದರೆ ಮಾತ್ರ ಇನ್ನೊಂದು ಎಚ್ಚರ ಬೇಕು: ಟಿಕೆಟಿನ ಹೊರಡುವ, ತಲುಪುವ ಹೊತ್ತು ಆಯಾ ಊರಿನ ಗಡಿಯಾರದ್ದು. ನಾರ್ವೆಯಿಂದ ಫಿನ್‌ಲ್ಯಾಂಡ್‌ಗೆ ಹಾರಿದರೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಅದನ್ನು ಕಳೆಯದಿದ್ದರೆ ಒಂದು ಗಂಟೆಯ ಹಾರಾಟ ಎರಡು ಗಂಟೆಯಂತೆ ಕಾಣುತ್ತದೆ.

ರಸ್ತೆ ಮತ್ತು ನಡುವಿನ ಕಾರ್ಗಿಲ್

ನೇರ ದೂರದಿಂದ ರಸ್ತೆ ದೂರ ಅಂದಾಜಿಸಲು ಬಯಲುಸೀಮೆಯಲ್ಲಿ 1.2 ಅಥವಾ 1.3ರಿಂದ ಗುಣಿಸಿದರೆ ಸಾಕು. ಘಾಟಿಯಲ್ಲಿ ಸಾಲದು. ವಿರಾಜಪೇಟೆಯಿಂದ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣಕ್ಕೆ ನೇರ ದೂರ 41 ಕಿ.ಮೀ.; ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಮೇಲೆ ಹೋದರೆ ಸುಮಾರು 60, ಅಂದರೆ 1.45 ಪಟ್ಟು. ಶ್ರೀನಗರ-ಲೇಹ್‌ಗೆ ಇದು 1.6ಕ್ಕಿಂತ ಹೆಚ್ಚು. ಮಾಕುಟ್ಟದ ತಿರುವುಗಳಲ್ಲಿ ಗಾಡಿ ಓಡಿಸಿದವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈ ರಸ್ತೆ ಸೋನಮಾರ್ಗ್ ದಾಟಿ 3,528 ಮೀಟರಿನ ಜೋಜಿ ಲಾ (ಲಾ ಎಂದರೆ ಬೆಟ್ಟ ದಾಟುವ ಕಣಿವೆದಾರಿ) ಹತ್ತಿ, ದ್ರಾಸ್ ಮೇಲೆ ಕಾರ್ಗಿಲ್‌ಗೆ ಇಳಿಯುತ್ತದೆ (ಸುಮಾರು 2,676 ಮೀಟರ್). ಆಮೇಲೆ ನಮಿಕಾ ಲಾ, 4,108 ಮೀಟರಿನ ಫೋಟು ಲಾ ಹತ್ತಿಳಿದು ಲೇಹ್. ಹಿಮ ಬಿದ್ದರೆ ಜೋಜಿ ಲಾ ಮುಚ್ಚುತ್ತದೆ. ತೆರೆದಿರುವ ದಿನಗಳಲ್ಲೂ ವಾಹನಗಳನ್ನು ಹೊತ್ತು ಗೊತ್ತು ಮಾಡಿ ಒಂದೊಂದು ದಿಕ್ಕಿಗೆ ಬಿಡುವುದುಂಟು, ಹಾಗಾಗಿ ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಬೇಕು. ಕಾರ್ಗಿಲ್-ಲೇಹ್ ನೇರ ದೂರ 135 ಕಿ.ಮೀ., ರಸ್ತೆಯಲ್ಲಿ 215ರ ಹತ್ತಿರ. ಕಾರ್ಗಿಲ್‌ನಲ್ಲಿ ರನ್‌ವೇ ಇದೆ ಎಂದು ನಕ್ಷೆಯಲ್ಲಿ ಕಂಡು ಟಿಕೆಟ್ ಹುಡುಕುತ್ತಾ ಕೂರಬೇಡಿ. ಚಳಿಗಾಲದಲ್ಲಿ ದಾರಿ ಮುಚ್ಚಿದಾಗ ಸ್ಥಳೀಯರಿಗಾಗಿ ಅಲ್ಲಿಗೆ ಹಾರುವುದು ವಾಯುಪಡೆಯ ಎಎನ್-32, ಅದನ್ನು ಕಾರ್ಗಿಲ್ ಕೊರಿಯರ್ ಎನ್ನುತ್ತಾರೆ.

ಈ ಹಾದಿಯ ಎರಡು ಬಗೆಯ ಪಯಣಕ್ಕೂ ಮಡಿಕೇರಿಯ ನಂಟಿದೆ. ಕಾಶ್ಮೀರ ಯುದ್ಧದ ನಡುವೆ, 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಶ್ರೀನಗರದಿಂದ ತಂದು, ಎಂಜಿನಿಯರ್ ಸೋನಂ ನೊರ್ಬು ಮುಂದೆ ನಿಂತು ಮಾಡಿಸಿದ್ದ ಲೇಹ್‌ನ ಮಣ್ಣಿನ ಓಡುದಾರಿಯಲ್ಲಿ ಮೊದಲ ಬಾರಿಗೆ ಇಳಿಸಿದಾಗ, ಒಳಗಿದ್ದವರು ಆಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅದೇ ವರ್ಷ ನವೆಂಬರ್ 1ರಂದು ಜೋಜಿ ಲಾ ಮೇಲೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದವರೂ ಅವರೇ. ಅವರ ಮನೆ ‘ಸನ್ನಿ ಸೈಡ್’ ಈಗ ಮಡಿಕೇರಿಯಲ್ಲಿ ವಸ್ತುಸಂಗ್ರಹಾಲಯ. ಲೇಹ್‌ಗೆ ಹೊರಡುವ ಮುನ್ನ ಒಂದು ಗಂಟೆ ಅಲ್ಲಿ ಕಳೆಯಿರಿ, ದಾರಿಯಲ್ಲಿ ಕಾಣುವ ಒಂದೊಂದು ಹೆಸರೂ ಪರಿಚಿತವಾಗಿರುತ್ತದೆ.

ಲೇಹ್‌ನ ಬೆಳಗಿನ ಹೊತ್ತು

ಲೆಕ್ಕ ಎಷ್ಟೇ ಸರಿ ಇದ್ದರೂ ಲೇಹ್‌ಗೆ ಪ್ರಯಾಣಿಕ ವಿಮಾನಗಳು ಬರುವುದು ಮುಖ್ಯವಾಗಿ ಬೆಳಗಿನ ಹೊತ್ತು. ನಿಲ್ದಾಣ ಇರುವುದು 3,256 ಮೀಟರ್ ಎತ್ತರದಲ್ಲಿ, ಸುತ್ತ ಬೆಟ್ಟ. ಬಿಸಿಲೇರಿದ ಹಾಗೆ ಸಿಂಧೂ ಕಣಿವೆಯಲ್ಲಿ ಗಾಳಿ ಎದ್ದು ಇಳಿಯುವುದು ಕಷ್ಟವಾಗುತ್ತದೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟೇ. ಬಿಸಿಯಾದರೆ ಅದು ಇನ್ನೂ ತೆಳುವಾಗಿ, ರೆಕ್ಕೆಗೆ ಎತ್ತುವ ಬಲ, ಎಂಜಿನ್‌ಗೆ ತಳ್ಳುವ ಬಲ ಎರಡೂ ಇಳಿಯುತ್ತವೆ. 2024ರ ಜುಲೈ ಕೊನೆಯಲ್ಲಿ ಸೆಕೆ ಹೆಚ್ಚಾಗಿ ಅಲ್ಲಿನ ಹಾರಾಟಗಳು ರದ್ದಾದದ್ದು ಇದೇ ಕಾರಣಕ್ಕೆ. ಇಳಿಯುವಾಗ ಪೈಲಟ್‌ಗೆ ಬೆಟ್ಟ ಕಣ್ಣಿಗೆ ಕಾಣಲೇಬೇಕು. ಮೋಡ ಕವಿದಿದ್ದರೆ ವಿಮಾನ ಲೇಹ್‌ನ ಮೇಲೆ ಸುತ್ತಿ ಹೊರಟಲ್ಲಿಗೇ ಹಿಂದಿರುಗುವುದುಂಟು.

ಅದಕ್ಕೇ ಆ ದಿನದ ಮೊದಲ ವಿಮಾನಕ್ಕೆ ಟಿಕೆಟ್ ಮಾಡಿಸಿ. ಮೊದಲನೆಯದು ತಪ್ಪಿದರೆ ಅದೇ ಬೆಳಿಗ್ಗೆ ಇನ್ನೊಂದು ಸಿಗಬಹುದು. ಕೊನೆಯದು ತಪ್ಪಿದರೆ ಮರುದಿನವೇ. ಶ್ರೀನಗರದಿಂದ ನೇರ ವಿಮಾನ ಎಲ್ಲ ದಿನ ಇರುವುದಿಲ್ಲ. ದಿನಾಂಕ ಹಾಕಿ ಹುಡುಕುವಾಗ ‘ನಿಲುಗಡೆ ಇಲ್ಲ’ ಎಂಬುದನ್ನು ಆರಿಸಿ ನೋಡಿ. ಆರಿಸದಿದ್ದರೆ ದೆಹಲಿ ಸುತ್ತಿ ಹೋಗುವ ಟಿಕೆಟ್ ಮೇಲೆ ಬಂದು ಕೂರುತ್ತದೆ. ಶ್ರೀನಗರದಿಂದ ದೆಹಲಿಗೆ 641 ಕಿ.ಮೀ., ಅಲ್ಲಿಂದ ಲೇಹ್‌ಗೆ 620. ಮಧ್ಯಾಹ್ನದ ಮೇಲೆ ದೆಹಲಿಗೆ ಬಂದರೆ ಲೇಹ್ ವಿಮಾನ ಮರುದಿನ ಬೆಳಿಗ್ಗೆ. 49 ನಿಮಿಷದ ದಾರಿಗೆ ಒಂದು ರಾತ್ರಿ ಹಿಡಿಯುವುದು ಹೀಗೆ.

ಮಡಿಕೇರಿಯ ಮನೆಯಿಂದ ಲೇಹ್‌ನ ಕೋಣೆಯವರೆಗೆ

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ದಕ್ಷಿಣ ಕೊಡಗಿನವರಿಗೆ ಕಣ್ಣೂರು ಹತ್ತಿರ, ಮಡಿಕೇರಿಯವರು ಸಂಪಾಜೆ-ಸುಳ್ಯದ ಮೇಲೆ ಮಂಗಳೂರಿಗೂ ಇಳಿಯಬಹುದು. ಎರಡೂ ಘಾಟಿ ದಾರಿ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ದಾರಿಯೇ ಕಡಿದುಹೋಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಬೆಂಗಳೂರನ್ನೇ ಹಿಡಿಯುವುದು ಕ್ಷೇಮ. ಕುಶಾಲನಗರ, ಹುಣಸೂರು, ಮೈಸೂರಿನ ಮೇಲೆ ದೇವನಹಳ್ಳಿಗೆ 290 ಕಿ.ಮೀ. ಆಸುಪಾಸು, ಆರು ತಾಸಿಗೆ ಮುಗಿದರೆ ಪುಣ್ಯ, ಏಳು ಎಂದೇ ಇಟ್ಟುಕೊಳ್ಳಿ. ಕೆಂಗೇರಿಯಿಂದ ದೇವನಹಳ್ಳಿಯ ಕೊನೆಯ ತುಂಡೇ ಹೆಚ್ಚು ಹೊತ್ತು ತಿನ್ನುವುದು. ಮೈಸೂರಿನಿಂದ ನಿಲ್ದಾಣಕ್ಕೆ ಕೆಎಸ್ಆರ್‌ಟಿಸಿಯ ಫ್ಲೈಬಸ್ ಇದೆ.

ಹೊಂದಿಸುವ ಬಗೆ ಹೀಗೆ. ಮಧ್ಯಾಹ್ನ 12ಕ್ಕೆ ಮಡಿಕೇರಿ ಬಿಟ್ಟರೆ ಸಂಜೆ 7ಕ್ಕೆ ದೇವನಹಳ್ಳಿ. ರಾತ್ರಿ 9.30ರ ಹೊತ್ತಿನ ವಿಮಾನ ಹಿಡಿದರೆ 12.20ರ ಸುಮಾರಿಗೆ ದೆಹಲಿ. ಅಲ್ಲಿಂದ ಬೆಳಿಗ್ಗೆ 6ರ ಆಸುಪಾಸಿನ ವಿಮಾನ, 7.30ಕ್ಕೆ ಲೇಹ್. ಆಕಾಶದಲ್ಲಿ ಕಳೆದದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷ, ಮನೆ ಬಿಟ್ಟಾಗಿನಿಂದ ಲೇಹ್ ನಿಲ್ದಾಣ ಮುಟ್ಟುವವರೆಗೆ ಹತ್ತೊಂಬತ್ತೂವರೆ ಗಂಟೆ. ರಜೆಯ ದಿನ ಎಣಿಸುವವರು ಈ ಎರಡನೆಯ ಅಂಕಿಯನ್ನು ಹಿಡಿಯಬೇಕು.

ದೆಹಲಿಯಲ್ಲಿ ಇಳಿಯುವ ಟರ್ಮಿನಲ್, ಹತ್ತುವ ಟರ್ಮಿನಲ್ ಒಂದೇ ಇದೆಯೇ ಎಂದು ನೋಡಿ. ಒಂದನೆಯದು ಮೂರನೆಯದರಿಂದ ದೂರ. ನಡೆದು ಹೋಗುವ ಮಾತಿಲ್ಲ, ಬಸ್ಸು ಹಿಡಿಯಬೇಕು. ಎರಡೂ ಹಾರಾಟ ಒಂದೇ ಟಿಕೆಟಿನಲ್ಲಿ, ಒಂದೇ ಪಿಎನ್ಆರ್‌ನಲ್ಲಿ ಇರಲಿ. ಬೇರೆ ಬೇರೆ ಮಾಡಿಸಿದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಆ ದುಡ್ಡು ಹೋದ ಹಾಗೆಯೇ.

ಸಾಮಾನಿನ ವಿಷಯ. ಮನೆಯಲ್ಲಿ ಹುರಿದು ಪುಡಿ ಮಾಡಿಸಿದ ಕಾಫಿಯನ್ನು ಪೊಟ್ಟಣಕ್ಕೆ ಹಾಕಿ ಬಾಯಿ ಬೆಸೆಯುವಾಗ ಒಳಗಿನ ಗಾಳಿಯನ್ನು ಅಂಗೈಯಲ್ಲಿ ಒತ್ತಿ ಹೊರಗೆ ತೆಗೆಯಿರಿ. ಮಡಿಕೇರಿಯ 1,170 ಮೀಟರಿನಲ್ಲಿ ಬೆಸೆದ ಗಾಳಿ ಲೇಹ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹಿಗ್ಗುತ್ತದೆ. ಪೊಟ್ಟಣ ದಿಂಬಿನಂತೆ ಉಬ್ಬಿ, ಬೆಸುಗೆ ಬಿಟ್ಟು, ಬಟ್ಟೆಯೆಲ್ಲ ಕಾಫಿ ಪುಡಿ. ಕಾಚಂಪುಳಿ, ಜೇನಿನ ಬಾಟಲಿಗಳನ್ನು ಭದ್ರವಾಗಿ ಮುಚ್ಚಿ, ಮುಚ್ಚಳದ ಸುತ್ತ ಟೇಪು ಸುತ್ತಿ, ನಿಲ್ಲಿಸಿ ಇಟ್ಟು, ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ. ಇವೂ ಉಪ್ಪಿನಕಾಯಿಯೂ ತೂಕಕ್ಕೆ ಹಾಕುವ ಚೀಲದಲ್ಲಿರಲಿ, ಪವರ್‌ಬ್ಯಾಂಕ್ ಕೈಚೀಲದಲ್ಲಿ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಮನೆಯವರಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಇಳಿದ ಮೇಲಿನ ಎರಡು ದಿನ

ನಾವು ಬೆಟ್ಟದವರು, ನಮಗೇನೂ ಆಗದು ಎಂಬ ಭರವಸೆ ಬೇಡ. ಕೊಡಗಿನ ತುತ್ತತುದಿ ತಡಿಯಂಡಮೋಳ್ 1,748 ಮೀಟರ್. ಲೇಹ್ ನಿಲ್ದಾಣ ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರ. ಹಾರುವಾಗ ವಿಮಾನದೊಳಗಿನ ಗಾಳಿಯನ್ನು ಸುಮಾರು 2,400 ಮೀಟರಿಗೆ ಸಮನಾದ ಒತ್ತಡದಲ್ಲಿ ಇಟ್ಟಿರುತ್ತಾರೆ. ಹಾಗಾಗಿ ವಿಮಾನ ಲೇಹ್‌ಗೆ ಇಳಿಯುತ್ತಿದ್ದರೂ ದೇಹದ ಮಟ್ಟಿಗೆ ಅದು ಏರುವುದೇ. ರಸ್ತೆಯಲ್ಲಿ ಬಂದವರಿಗೆ ಕಾರ್ಗಿಲ್‌ನ ರಾತ್ರಿ ಸ್ವಲ್ಪ ಒಗ್ಗಿಸಿರುತ್ತದೆ. ವಿಮಾನದಲ್ಲಿ ಬಂದವರಿಗೆ ಆ ಅವಕಾಶ ಇಲ್ಲ.

ಆದ್ದರಿಂದ ಮೊದಲ 48 ಗಂಟೆ ವಿಶ್ರಾಂತಿ. ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತಬೇಡಿ, ಮದ್ಯ ಬೇಡ, ನೀರು ಕುಡಿಯುತ್ತಿರಿ. ಖರ್ದುಂಗ್ ಲಾ (5,359 ಮೀಟರ್) ಮೂರನೆಯ ದಿನಕ್ಕಿಂತ ಮೊದಲು ಬೇಡವೇ ಬೇಡ. ತಲೆನೋವು ಹೆಚ್ಚುತ್ತಾ ಹೋದರೆ, ವಾಂತಿಯಾದರೆ, ನಡಿಗೆ ತಡವರಿಸಿದರೆ, ಸುಮ್ಮನೆ ಕೂತಿದ್ದಾಗಲೂ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮದ್ದು ಅಂದರೆ ಆಮ್ಲಜನಕ ಮತ್ತು ಕೆಳಗಿಳಿಯುವುದು. ಹೃದಯದ, ರಕ್ತದೊತ್ತಡದ ತೊಂದರೆ ಇರುವ ಹಿರಿಯರು ಹೊರಡುವ ಮುಂಚೆಯೇ ವೈದ್ಯರನ್ನು ಕಾಣಲಿ. ಎತ್ತರಕ್ಕೆಂದು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನೂ ಅವರು ಹೇಳಿದರೆ ಮಾತ್ರ ತೆಗೆದುಕೊಳ್ಳಿ, ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ತಿಳಿಸಬೇಕು.

ಹಿಂದಿರುಗುವ ಟಿಕೆಟಿಗೂ ಇದೇ ಬೆಳಗಿನ ಲೆಕ್ಕ. ಲೇಹ್‌ನಲ್ಲಿ ಭದ್ರತಾ ತಪಾಸಣೆ ನಿಧಾನ. ಎರಡೂವರೆ ಗಂಟೆ ಮುಂಚೆ ಬಾಗಿಲಲ್ಲಿರಬೇಕು. ಯೂನಿಟ್‌ಗೆ ಹಾಜರಾಗುವ ದಿನ, ಮನೆಯ ಮದುವೆ, ಪರೀಕ್ಷೆ ಹೀಗೆ ತಪ್ಪಿಸಲಾಗದ್ದು ಏನಿದ್ದರೂ ಅದಕ್ಕೂ ಲೇಹ್ ಬಿಡುವ ದಿನಕ್ಕೂ ನಡುವೆ ಒಂದು ಪೂರ್ತಿ ದಿನ ಖಾಲಿ ಬಿಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಎರಡು ದಿನ: ಆಗ ಲೇಹ್‌ನಲ್ಲಿ ಹಿಮ, ದೆಹಲಿಯಲ್ಲಿ ಮಂಜು, ಎರಡೂ ತುದಿಯಲ್ಲಿ ವಿಮಾನ ತಡವಾಗುವ ಕಾಲ.